ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಟಿಕೆಟ್ ಮಾಡಿಸುವ ಮೊದಲು ಗ್ರೇಟ್ ಸರ್ಕಲ್ ಮ್ಯಾಪರ್ ನೋಡಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟಿರುವ ಅಪ್ಪ ಅಮ್ಮಂದಿರಿಗೆ, ಅವರಿಗೆ ಟಿಕೆಟ್ ಮಾಡಿಸುವವರಿಗೆ ಈ ವೆಬ್‌ಸೈಟ್ ತುಂಬಾ ಉಪಯೋಗ. ದುಡ್ಡು ಕೊಡಬೇಕಿಲ್ಲ. ಎರಡು ವಿಮಾನ ನಿಲ್ದಾಣಗಳ ಮೂರಕ್ಷರದ ಕೋಡ್ ಹಾಕಿ, ನಡುವೆ ಒಂದು ಅಡ್ಡಗೆರೆ (-) ಹಾಕಿದರೆ ಸಾಕು, ಮ್ಯಾಪ್ ಮೇಲೆ ಅವೆರಡರ ನಡುವಿನ ಅತಿ ಹತ್ತಿರದ ದಾರಿಯ ಗೆರೆ ಬರುತ್ತದೆ, ಜೊತೆಗೆ ದೂರ ಬರುತ್ತದೆ. ಮೊದಲು ಮೈಲಿಯಲ್ಲಿ ತೋರಿಸುತ್ತದೆ, ಕಿಲೋಮೀಟರ್‌ಗೆ ಬದಲಾಯಿಸಿಕೊಳ್ಳಿ.

ಬಿಎಲ್‌ಆರ್‌ನಿಂದ (ಬೆಂಗಳೂರು) ಎಸ್‌ಎಫ್‌ಒಗೆ (ಸ್ಯಾನ್ ಫ್ರಾನ್ಸಿಸ್ಕೋ) ಹಾಕಿದರೆ ಸುಮಾರು 14,000 ಕಿ.ಮೀ. ಗೋಡೆಗೆ ಹಾಕುವ ಮ್ಯಾಪ್ ನೋಡಿದವರು ಈ ವಿಮಾನ ಯುರೋಪ್ ದಾಟಿ ಅಟ್ಲಾಂಟಿಕ್ ಮೇಲೆ ಹೋಗಬೇಕು ಅಂದುಕೊಳ್ಳುತ್ತಾರೆ, ಅಲ್ವಾ? ಇಲ್ಲಿ ಗೆರೆ ನೆಟ್ಟಗೆ ಉತ್ತರಕ್ಕೆ ಏರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಅಲಾಸ್ಕಾ ಮೇಲಿಂದ ಕೆಳಗೆ ಇಳಿಯುತ್ತದೆ. ಭೂಮಿ ಗುಂಡಗಿದೆ, ಮ್ಯಾಪ್ ಚಪ್ಪಟೆ. ಮಕ್ಕಳಿಗೆ ಇದನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ನಡುವೆ ಇನ್ನೊಂದು ಊರನ್ನು ಸೇರಿಸಿ ನೋಡುವುದು. ದೆಹಲಿ ಮೂಲಕ ಹೋದರೆ ಬರೀ ಸುಮಾರು 100 ಕಿ.ಮೀ. ಹೆಚ್ಚು, ಅಂದರೆ ದೆಹಲಿ ಹೆಚ್ಚುಕಮ್ಮಿ ದಾರಿಯಲ್ಲೇ ಇದೆ! ದುಬೈ ಮೂಲಕ ಸುಮಾರು 15,700, ಫ್ರಾಂಕ್‌ಫರ್ಟ್ ಮೂಲಕ 16,500ರ ಮೇಲೆ, ಸಿಂಗಪುರ ಇನ್ನೂ ಸ್ವಲ್ಪ ಜಾಸ್ತಿ. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹತ್ತಿರದ ಗೆರೆ ಉತ್ತರ ಧ್ರುವದ ಪಕ್ಕದಲ್ಲೇ ಹಾದುಹೋಗುತ್ತದೆ, ಅದನ್ನು ಒಮ್ಮೆ ಹಾಕಿ ನೋಡಿ, ಖುಷಿಯಾಗುತ್ತದೆ.

ಆದರೆ ಒಂದು ಮಾತು. ಇದು ತೋರಿಸುವುದು ಅತಿ ಹತ್ತಿರದ ಗೆರೆ, ವಿಮಾನ ನಿಜವಾಗಿ ಹಾರುವ ದಾರಿ ಅಲ್ಲ. ಟಿಬೆಟ್ ಮೇಲೆ ಬೆಟ್ಟಗಳು ತುಂಬಾ ಎತ್ತರ, ಒಳಗೆ ಗಾಳಿಯ ಒತ್ತಡ ಕಮ್ಮಿಯಾದರೆ ವಿಮಾನ ತಕ್ಷಣ ಕೆಳಗೆ ಇಳಿಯಲು ಜಾಗವಿಲ್ಲ, ಹಾಗಾಗಿ ಸಾಮಾನ್ಯವಾಗಿ ಆ ಕಡೆ ಹೋಗುವುದಿಲ್ಲ. 2022ರಿಂದ ರಷ್ಯಾದ ಆಕಾಶ ಅಮೆರಿಕ, ಯುರೋಪಿನ ಕಂಪನಿಗಳಿಗೆ ಮುಚ್ಚಿದೆ. ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವುದರಿಂದ, ಸ್ವಲ್ಪ ಸುತ್ತಾದರೂ ಆ ಗಾಳಿ ಹಿಡಿದು ಹೋದರೆ ಎಣ್ಣೆ ಉಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ಮೇಲೆ ಹಾರಿ ನಮ್ಮ ಕೆಂಪೇಗೌಡ ನಿಲ್ದಾಣಕ್ಕೆ ಬಂದಿಳಿದಾಗ ಪತ್ರಿಕೆಗಳಲ್ಲಿ ಬಂದ ಲೆಕ್ಕ ಸುಮಾರು 16,000 ಕಿ.ಮೀ. ಮ್ಯಾಪರ್‌ನ 14,000ಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಹಾಗಾಗಿ ಎಷ್ಟು ಗಂಟೆ ಪ್ರಯಾಣ ಅಂತ ತಿಳಿಯಲು ಇದನ್ನು ನಂಬಿಕೊಳ್ಳಬೇಡಿ, ಅದಕ್ಕೆ ಟಿಕೆಟ್ ಮೇಲಿನ ಸಮಯವನ್ನೇ ನೋಡಿ, ಎರಡು ಊರಿನ ಗಡಿಯಾರಗಳ ನಡುವಿನ ಹನ್ನೆರಡೂವರೆ (ಅಲ್ಲಿ ಬೇಸಿಗೆಯಲ್ಲಿ) ಅಥವಾ ಹದಿಮೂರೂವರೆ (ಚಳಿಗಾಲದಲ್ಲಿ) ಗಂಟೆ ವ್ಯತ್ಯಾಸವನ್ನು ಹೋಗುವಾಗ ಕೂಡಿಸಿ, ಬರುವಾಗ ಕಳೆದು. ಯಾವ ದಾರಿ ಸುತ್ತು, ಯಾವುದು ನೇರ ಅಂತ ಹೋಲಿಸಲು ಮಾತ್ರ ಇದು ಬಹಳ ಚೆನ್ನಾಗಿದೆ. ಸೈಟ್ ನೋಡಲು ಹಳೆಯ ಕಾಲದ್ದು, ಎಲ್ಲಾ ಇಂಗ್ಲಿಷ್‌ನಲ್ಲೇ ಇದೆ, ಹಿರಿಯರಿಗೆ ಪಕ್ಕದಲ್ಲಿ ಕೂತು ತೋರಿಸಬೇಕು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ವಯಸ್ಸಾದವರಿಗೆ ಟಿಕೆಟ್ ಆರಿಸುವಾಗ ಐನೂರು ಕಿಲೋಮೀಟರ್ ಉಳಿಸುವುದಕ್ಕಿಂತ ನಡುವಿನ ನಿಲ್ದಾಣದಲ್ಲಿ ಎಷ್ಟು ಹೊತ್ತು ಕಾಯಬೇಕು, ವೀಲ್‌ಚೇರ್ ಸಿಗುತ್ತದಾ ಅನ್ನುವುದನ್ನು ಮೊದಲು ಕೇಳಿಕೊಳ್ಳಿ.