ಎರಡು ಮಳೆಗಾಲ ಕಳೆದ ಮೇಲೆ: ಕಸಾಲ್ಸ್ ಅವರ ಬೀಥೋವನ್ ತಟ್ಟೆಗಳು

ಸ್ಪೇನಿನ ಸೆಲ್ಲೊ (ಪಿಟೀಲಿನ ಜಾತಿಯ ದೊಡ್ಡ, ತಗ್ಗುದನಿಯ ವಾದ್ಯ) ವಾದಕ ಪಾಬ್ಲೊ ಕಸಾಲ್ಸ್ 1930ರಿಂದ 1939ರವರೆಗೆ ಬಿಡಿಬಿಡಿಯಾಗಿ ನುಡಿಸಿ ಮುದ್ರಿಸಿದ ಬೀಥೋವನ್‌ನ ಐದು ಸೆಲ್ಲೊ-ಪಿಯಾನೊ ಸೊನಾಟಾಗಳನ್ನು (ಹಲವು ಭಾಗಗಳ ವಾದ್ಯಕೃತಿಗಳನ್ನು) ಶುದ್ಧಗೊಳಿಸಿ ವಿನೈಲ್‌ಗೆ ಇಳಿಸಿರುವ ಮೂರು ತಟ್ಟೆಗಳ ಪೆಟ್ಟಿಗೆಯನ್ನು ನಾನು ಹೋದ ವರ್ಷ ಜೂನ್‌ನಲ್ಲಿ ತರಿಸಿಕೊಂಡೆ. ತೀರ್ಥಹಳ್ಳಿಯ ಸಮೀಪದ ನಮ್ಮ ಹೆಂಚಿನ ಮನೆಯಲ್ಲಿ ಆಗ ಮಳೆ ಹಿಡಿದುಕೊಂಡಿತ್ತು. ಒಂದು ವಾರ ಕೇಳಿ, ಹಳೆಯ ಮುದ್ರಣದ ಸುಯ್ಯೆನ್ನುವ ಸದ್ದು ಸ್ವಲ್ಪವೂ ಉಳಿದಿಲ್ಲವೆಂದು ಗೆಳೆಯರಿಗೆಲ್ಲ ಹೇಳಿದ್ದೆ. ಆ ಮಾತು ತಪ್ಪಾಗಿತ್ತು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ತಟ್ಟೆಯ ಸದ್ದನ್ನೂ ಸೆಲ್ಲೊದ ಅತಿ ಮೆಲುದನಿಯನ್ನೂ ಒಟ್ಟಿಗೇ ನುಂಗಿಕೊಂಡಿತ್ತೆಂಬುದು ಕಾರ್ತಿಕದಲ್ಲಿ ಮಳೆ ಬಿಟ್ಟ ಮೇಲೆಯೇ ನನಗೆ ಗೊತ್ತಾಯಿತು. ಈ ವರ್ಷದ ಮಳೆಯೂ ಮುಗಿದ ಮೇಲೆ, ಎಲ್ಲ ಆರು ಮುಖಗಳನ್ನು ಮತ್ತೆ ಮತ್ತೆ ಕೇಳಿ ಇದನ್ನು ಬರೆಯುತ್ತಿದ್ದೇನೆ.

ಈ ಸಂಗೀತ ಮೊದಲು ಹೊರಬಂದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳಲ್ಲಿ. ಅರಗಿಗೆ ಕಲ್ಲಿನ ಪುಡಿಯನ್ನು ಬೆರೆಸಿ ಅವುಗಳನ್ನು ಅಚ್ಚು ಹಾಕುತ್ತಿದ್ದುದರಿಂದ ಮುಳ್ಳು ಓಡುವಾಗ ಒಂದೇ ಸಮನಾದ ಸದ್ದು ಏಳುತ್ತದೆ. ಚಟ್ ಎಂಬ ಬಿಡಿ ಸದ್ದುಗಳನ್ನು ಈಗಿನ ಯಂತ್ರಗಳು ಸಂಗೀತಕ್ಕೆ ನೋವಾಗದಂತೆ ಹೆಕ್ಕಿ ತೆಗೆಯಬಲ್ಲವು, ಮತ್ತು ಈ ಪೆಟ್ಟಿಗೆಯಲ್ಲಿ ಆ ಕೆಲಸ ಬಹಳ ಅಚ್ಚುಕಟ್ಟಾಗಿ ನಡೆದಿದೆ. ಕಷ್ಟವಿರುವುದು ಆ ನಿರಂತರ ಸದ್ದಿನಲ್ಲಿ. ರಾಳ ಹಚ್ಚಿದ ಕಮಾನು ತಂತಿಯನ್ನು ಕಚ್ಚುವಾಗಿನ ಸಣ್ಣ ಕರಕರ ಮತ್ತು ನಾದಕ್ಕೆ ಹೊಳಪು ಕೊಡುವ ಮೇಲಿನ ಉಪಸ್ವರಗಳು ಇರುವ ಜಾಗದಲ್ಲಿಯೇ ಈ ಸದ್ದೂ ಹರಡಿಕೊಂಡಿರುತ್ತದೆ. ಒಂದನ್ನು ಒರೆಸಿದರೆ ಇನ್ನೊಂದೂ ಅಳಿಸಿಹೋಗುತ್ತದೆ. ತಂಬೂರಿಯ ಜೀವಾಳಿಯ ದಾರ ಸರಿದುಹೋದರೆ ಶ್ರುತಿ ಸರಿಯಿದ್ದರೂ ನಾದ ಹೇಗೆ ಬಡವಾಗುತ್ತದೆಯೋ ಹಾಗೆ.

ಎರಡನೆಯ ತಟ್ಟೆಯಲ್ಲಿ ಆಗಿರುವುದು ಇದೇ. ಅದರಲ್ಲಿರುವುದು ಒಟ್ಟೊ ಶುಲ್‌ಹಾಫ್ ಅವರ ಪಿಯಾನೊದೊಡನೆ 1930ರಲ್ಲಿ ಮುದ್ರಿಸಿದ ಎ ಮೇಜರ್ ಸೊನಾಟಾ (ಕೃತಿಯ ಸ್ವರಶ್ರೇಣಿಯಿಂದ ಬಂದ ಹೆಸರು), ಐದರಲ್ಲಿಯೂ ಅತ್ಯಂತ ಹಳೆಯ ಮುದ್ರಣ. ಈ ಕೃತಿ ಪಿಯಾನೊದ ಆಸರೆಯಿಲ್ಲದೆ ಸೆಲ್ಲೊ ಒಂದರಿಂದಲೇ ಆರಂಭವಾಗುತ್ತದೆ. ಆ ಒಂಟಿ ಸಾಲಿನಲ್ಲಿ ಪ್ರತಿ ಸ್ವರವೂ ತಾನಾಗಿ ಕರಗುವ ಬದಲು ಕತ್ತರಿಸಿದಂತೆ ನಿಲ್ಲುತ್ತದೆ, ಸ್ವರದ ಹಿಂದಿನ ಗಾಳಿಯೂ ಅದರೊಂದಿಗೇ ಮಾಯವಾಗುತ್ತದೆ. ಇಷ್ಟು ದೊಡ್ಡ ಕೆಲಸಕ್ಕೆ ಕೈಹಾಕಿದವರು ಇಲ್ಲಿ ಹೀಗೇಕೆ ಅವಸರಪಟ್ಟರೋ ಎಂದು ನನಗೆ ನಿಜವಾಗಿಯೂ ಬೇಸರವಾಗಿದೆ.

ಮೂರನೆಯ ತಟ್ಟೆಗೆ ಬಂದರೆ ಆ ಬೇಸರವೆಲ್ಲ ಮರೆಯುತ್ತದೆ. ಮೀಚಿಸ್ವಾಫ್ ಹೋರ್ಶೋವ್‌ಸ್ಕಿ ಅವರ ಪಿಯಾನೊದೊಡನೆ ಲಂಡನ್ನಿನಲ್ಲಿ 1936ರಲ್ಲಿ ಮುದ್ರಿಸಿದ ಸಿ ಮೇಜರ್ ಸೊನಾಟಾ ಒಂದು ಮುಖದಲ್ಲಿದೆ. ಪ್ಯಾರಿಸ್ಸಿನಲ್ಲಿ 1939ರ ಜೂನ್‌ನಲ್ಲಿ ಮುದ್ರಿಸಿದ ಡಿ ಮೇಜರ್ ಸೊನಾಟಾ ಇನ್ನೊಂದರಲ್ಲಿದೆ. ಸ್ಪೇನಿನ ಅಂತರ್ಯುದ್ಧ ಆ ವರ್ಷದ ಏಪ್ರಿಲ್‌ನಲ್ಲಷ್ಟೇ ಮುಗಿದಿತ್ತು, ಕಸಾಲ್ಸ್ ತಾಯ್ನಾಡಿಗೆ ಮರಳಲಾರದವರಾಗಿದ್ದರು. ಬೀಥೋವನ್‌ನ ಐದು ಸೆಲ್ಲೊ ಸೊನಾಟಾಗಳಲ್ಲಿ ಪೂರ್ಣ ಪ್ರಮಾಣದ ವಿಳಂಬ ಭಾಗವಿರುವುದು ಈ ಡಿ ಮೇಜರ್‌ನಲ್ಲಿ ಮಾತ್ರ. ಅಲ್ಲಿ ಶುದ್ಧೀಕರಣದವರು ಸದ್ದನ್ನು ತೆಳುವಾಗಿ ಉಳಿಸಿಕೊಂಡಿದ್ದಾರೆ. ಮೊದಲ ಅರ್ಧ ನಿಮಿಷ ಅದು ಕಿವಿಗೆ ಬೀಳುತ್ತದೆ, ಆಮೇಲೆ ಬೀಳುವುದಿಲ್ಲ. ಕಮಾನು ದಿಕ್ಕು ಬದಲಿಸುವುದು, ಎಡಗೈ ಬೆರಳು ತಂತಿಯ ಮೇಲೆ ಇಳಿಯುವ ಮೃದುವಾದ ಟಕ್ ಎಂಬ ಸದ್ದು, ಪಿಯಾನೊದ ಮಂದ್ರ ಸ್ವರಗಳು ಕೊಠಡಿಯಲ್ಲಿ ತುಂಬಿಕೊಂಡು ಇಂಗುವುದು, ಎಲ್ಲವೂ ಅಲ್ಲಿವೆ. ಚಳಿಗಾಲದ ರಾತ್ರಿ ಕೇಳುತ್ತಿದ್ದಾಗ ಅಮ್ಮ ಒಳಗಿನಿಂದ ಬಂದು, ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದರು.

ಮೊದಲ ತಟ್ಟೆಯ ಎರಡು ಸೊನಾಟಾಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಅವು ಚೆನ್ನಾಗಿವೆ. ಹನ್ನೆರಡು ಅಂಗುಲದ ಹಳೆಯ ತಟ್ಟೆಯ ಒಂದು ಮುಖದಲ್ಲಿ ನಾಲ್ಕೈದು ನಿಮಿಷದ ಸಂಗೀತವಷ್ಟೇ ಹಿಡಿಯುತ್ತಿದ್ದುದರಿಂದ ಅಲ್ಲಲ್ಲಿ ಬೆಸುಗೆ ಹಾಕಬೇಕಾಗಿದೆ. ಹುಡುಕಿಕೊಂಡು ಕೇಳಿದರೂ ಎರಡು ಕಡೆ ಮಾತ್ರ ನನಗೆ ಅದು ಸಿಕ್ಕಿತು.

ಅಚ್ಚಿನ ವಿಷಯದಲ್ಲಿ ಒಂದು ದೂರಿದೆ. ನನಗೆ ಮೊದಲು ಬಂದ ಮೂರನೆಯ ತಟ್ಟೆಯ ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಅದರಿಂದ ಸ್ವರದಲ್ಲಾಗುವ ಏರಿಳಿತ ಸೆಲ್ಲೊದಲ್ಲಿ ಕಂಪನದೊಳಗೆ ಅಡಗಿಕೊಂಡರೂ, ಪಿಯಾನೊದ ದೀರ್ಘ ಸ್ವರಗಳು ತೊಟ್ಟಿಲಿನಂತೆ ತೂಗುತ್ತಿದ್ದವು. ಮಾರಿದವರು ಬದಲಿ ತಟ್ಟೆ ಕಳಿಸಿದರು, ಆದರೆ ಅದಕ್ಕೆ ಏಳು ವಾರ ಹಿಡಿಯಿತು. ಕೊಂಡವರು ಮೊದಲ ವಾರವೇ ಪಿಯಾನೊದ ಸ್ವರಗಳನ್ನು ಕಿವಿಗೊಟ್ಟು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಮಲೆನಾಡಿನವರಿಗೆ ಇನ್ನೊಂದು ಮಾತು. ಒಳಗಿನ ಕಾಗದದ ಚೀಲಗಳು ಥಂಡಿಯನ್ನು ಹೀರುತ್ತವೆ. ಮೊದಲ ಆಗಸ್ಟ್‌ನಲ್ಲೇ ಅವುಗಳಿಗೆ ಬೂಷ್ಟು ಬಂದಿತ್ತು. ಈಗ ತೆಳು ಪ್ಲಾಸ್ಟಿಕ್ ಚೀಲಗಳಲ್ಲಿ, ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮರದ ಬೀರುವಿನಲ್ಲಿ ಇಟ್ಟಿದ್ದೇನೆ. ಒರೆಸಲು ಡಿಸ್ಟಿಲ್ಡ್ ನೀರು, ಮೆತ್ತನೆಯ ಬಟ್ಟೆ ಸಾಕು. ಮನೆಯಲ್ಲಿ ಅಜ್ಜನ ಕಾಲದ ಅರಗಿನ ತಟ್ಟೆಗಳಿದ್ದರೆ ಅವುಗಳಿಗೆ ಮಾತ್ರ ಸ್ಪಿರಿಟ್ ಸೋಕಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ.

ಸುಂಕವೂ ಸೇರಿ ಬೆಲೆ ದುಬಾರಿಯೇ. ಮೂರನೆಯ ತಟ್ಟೆಯೊಂದಕ್ಕಾಗಿಯೇ ನಾನು ಅದನ್ನು ಮತ್ತೊಮ್ಮೆ ಕೊಡಲು ಸಿದ್ಧ. ಎ ಮೇಜರ್ ಕೇಳಬೇಕೆನಿಸಿದಾಗ ಮಾತ್ರ ಈ ಪೆಟ್ಟಿಗೆಯನ್ನು ಬಿಟ್ಟು, ಸೆಲ್ಲೊ ವಾದಕ ಇಮಾನ್ಯುಯೆಲ್ ಫಾಯರ್‌ಮನ್ ಮತ್ತು ಪಿಯಾನೊ ವಾದಕಿ ಮೈರಾ ಹೆಸ್ 1937ರಲ್ಲಿ ನುಡಿಸಿದ ಮುದ್ರಣವನ್ನು ಹಾಕಿಕೊಳ್ಳುತ್ತೇನೆ.