ವೈಕಿಂಗ್ ಹಡಗಿನ ಮರದ ಕಿಟ್: ಕೊಳ್ಳಬಹುದು, ಆದರೆ ಕೊಂಬು ಬೇಡ

ಪುಣೆಯ ಕೋಥ್ರೂಡ್‌ನ ಒಂದು ಅಂಗಡಿಯಲ್ಲಿ ಗೊಕ್‌ಸ್ಟಾಡ್ ಎಂಬ ವೈಕಿಂಗ್ ಹಡಗಿನ ಮಾಡೆಲ್ ಕಿಟ್ ತಗೊಂಡೆ. ವೈಕಿಂಗರು ಅಂದರೆ ಸಾವಿರ ವರ್ಷದ ಹಿಂದಿನ, ಉತ್ತರ ಯುರೋಪಿನ ಕಡಲಯಾನಿಗಳು. ಅಸಲಿ ಹಡಗು 1880ರಲ್ಲಿ ನಾರ್ವೆಯ ಸಮಾಧಿ ದಿಬ್ಬವೊಂದರಲ್ಲಿ ಸಿಕ್ಕಿತು. ಓಕ್ ಮರದ್ದು, ಸುಮಾರು 23 ಮೀಟರ್ ಉದ್ದ, ಒಂದೊಂದು ಬದಿಗೆ 16 ಹುಟ್ಟು.

ಕಿಟ್‌ನಲ್ಲಿ ಹಲಗೆ ಜೋಡಿಸುವ ಕೆಲಸವೇ ದೊಡ್ಡ ಖುಷಿ. ಮೇಲಿನ ಹಲಗೆ ಕೆಳಗಿನದರ ಅಂಚಿನ ಮೇಲೆ ಮಂಗಳೂರು ಹೆಂಚಿನ ಹಾಗೆ ಏರಿ ಕೂರುತ್ತದೆ. ನಾರ್ಸ್ ಜನ, ಅಂದರೆ ವೈಕಿಂಗರ ನಾಡಿನವರು, ಅದನ್ನು ಕಬ್ಬಿಣದ ಮೊಳೆಯಿಂದ ಬಿಗಿದು, ಸಂದಿಗೆ ಟಾರ್ ಹಚ್ಚಿದ ಉಣ್ಣೆ ತುಂಬುತ್ತಿದ್ದರು. ನಮ್ಮ ಪಶ್ಚಿಮ ಕರಾವಳಿಯಲ್ಲಿ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿಯುತ್ತಿದ್ದರಲ್ವಾ, ಎರಡರಲ್ಲೂ ಹಡಗು ಅಲೆಗೆ ತಕ್ಕಂತೆ ಬಾಗುತ್ತದೆ, ಸುಲಭವಾಗಿ ಬಿರಿಯುವುದಿಲ್ಲ. 1893ರಲ್ಲಿ ನಾರ್ವೆಯವರು ಗೊಕ್‌ಸ್ಟಾಡ್ ನಮೂನೆಯ ಹಡಗು ಕಟ್ಟಿ ಅಟ್ಲಾಂಟಿಕ್ ದಾಟಿ ಅಮೆರಿಕ ಸೇರಿದರು!

ಜೊತೆಗಿರುವ ಪುಟ್ಟ ಪುಸ್ತಕದಲ್ಲಿ ನಾರ್ಸ್ ಪುರಾಣದ ಫ್ರೇಯರ್ ದೇವರ ಹಡಗಿನ ಕಥೆಯೂ ಇದೆ. ಕುಬ್ಜರು ಮಾಡಿಕೊಟ್ಟ ಆ ಹಡಗಿನ ಹೆಸರು ಸ್ಕಿಡ್‌ಬ್ಲಾಡ್ನಿರ್, ಹಾಯಿ ಎತ್ತಿದ ಕೂಡಲೇ ಅನುಕೂಲದ ಗಾಳಿ, ಕೆಲಸ ಮುಗಿದ ಮೇಲೆ ಬಟ್ಟೆಯ ಹಾಗೆ ಮಡಚಿ ಚೀಲದಲ್ಲಿ ಇಟ್ಟುಕೊಳ್ಳಬಹುದು. ಮಗಳು ಇದನ್ನು ಮತ್ತೆ ಮತ್ತೆ ಓದಿಸಿಕೊಂಡಳು.

ಬೇಸರವಾಗಿದ್ದು ನಾವಿಕರ ಬೊಂಬೆಗಳಿಂದ. ಎಲ್ಲರಿಗೂ ಕೊಂಬಿನ ಶಿರಸ್ತ್ರಾಣ! ವೈಕಿಂಗರು ಅಂಥದ್ದು ಹಾಕುತ್ತಿದ್ದರು ಅನ್ನೋದಕ್ಕೆ ಆಧಾರವೇ ಇಲ್ಲ, ಅದು 19ನೇ ಶತಮಾನದಲ್ಲಿ ಹಬ್ಬಿದ ಕಲ್ಪನೆ. ಮಕ್ಕಳಿಗೆ ಇತಿಹಾಸ ಹೇಳುವ ವಸ್ತುವಿನಲ್ಲಿ ಇದು ಇರಬಾರದು. ಹಾಯಿಯೂ ನೈಲಾನ್, ಆಗಿನದು ಉಣ್ಣೆಯದ್ದು. ನಾನು ಕೊಂಬು ಕತ್ತರಿಸಿ ಹಾಕಿದೆ. ಎರಡು ಹುಟ್ಟು ಮುರಿದಿದ್ದವು, ಅಂಗಡಿಯವರು ಬದಲಿಸಿ ಕೊಡಲಿಲ್ಲ, ಅಲ್ಲೇ ಬಿಚ್ಚಿ ನೋಡಿಕೊಳ್ಳಿ. ಅಂಟು ಬೇರೆ ತಗೋಬೇಕು.