ಪುಷ್ಕಿನ್ ಕಥೆಗೆ ಯಾರ ಚಿತ್ರ: ಬಿಲಿಬಿನ್ ಅಥವಾ ಮಾವ್ರಿನಾ?

ರಷ್ಯಾದ ಕವಿ ಪುಷ್ಕಿನ್ ಬರೆದ ಕಥೆಗಳ ಸಚಿತ್ರ ಅನುವಾದ ಕೊಳ್ಳುವ ಯೋಚನೆ ಇದ್ದರೆ ಮೊದಲು ಚಿತ್ರ ಯಾರದ್ದು ಅಂತ ನೋಡಿ. ಒಂದೇ ಕಥೆ, ಕುಂಚ ಬದಲಾದರೆ ಬೇರೆಯೇ ಪುಸ್ತಕ.

ಇವಾನ್ ಬಿಲಿಬಿನ್ ‘ತ್ಸಾರ್ ಸಾಲ್ತಾನ್’ ಕಥೆಗೆ ಚಿತ್ರ ಬರೆದದ್ದು 1905ರಲ್ಲಿ. ಗಟ್ಟಿ ಕಪ್ಪು ಗೆರೆ, ಒಳಗೆ ಸಪಾಟು ಬಣ್ಣ, ಸುತ್ತ ಕಸೂತಿಯಂಥ ಅಂಚು. ರಾಣಿಯನ್ನೂ ಮಗುವನ್ನೂ ಪೀಪಾಯಿಗೆ ಹಾಕಿ ಸಮುದ್ರಕ್ಕೆ ಬಿಡ್ತಾರಲ್ಲ, ಆ ಪುಟ ನೋಡಿ. ಮೇಲೆ ನಕ್ಷತ್ರ ತುಂಬಿದ ಆಕಾಶ, ಕೆಳಗೆ ನೊರೆಯ ಬಾಯಿ ತೆರೆದ ಅಲೆ, ನಡುವೆ ಪುಟ್ಟ ಪೀಪಾಯಿ. ಜಪಾನಿನ ಚಿತ್ರಕಾರ ಹೊಕುಸಾಯ್ ಬರೆದ ಹೆಸರಾಂತ ಅಲೆ ನೆನಪಾಗದೇ ಇರದು. ಉಡುಪು, ಮರದ ಕೆತ್ತನೆ ಎಲ್ಲ ಅಚ್ಚುಕಟ್ಟು. ರಷ್ಯಾದ ಉತ್ತರದ ಹಳ್ಳಿಗಳಲ್ಲಿ ಓಡಾಡಿ ಕಣ್ಣಾರೆ ಕಂಡವರು ಅವರು.

ತತ್ಯಾನಾ ಮಾವ್ರಿನಾ ಪೂರ್ತಿ ಉಲ್ಟಾ. ದಪ್ಪ ಕುಂಚ, ಢಾಳು ಬಣ್ಣ, ಅಂಕುಡೊಂಕು ಗೆರೆ. ಜಾನಪದ ಗೊಂಬೆಗಳ, ಹಳೇ ಅಗ್ಗದ ಅಚ್ಚುಚಿತ್ರಗಳ ಹುಮ್ಮಸ್ಸು ಅಲ್ಲಿದೆ. 1976ರಲ್ಲಿ ಅವರಿಗೆ ಮಕ್ಕಳ ಪುಸ್ತಕದ ಚಿತ್ರಗಳಿಗಾಗಿ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು.

ಐದಾರು ವರ್ಷದ ಮಗುವಿಗಾದರೆ ಮಾವ್ರಿನಾ. ಚಿತ್ರದಲ್ಲೇ ಮುಳುಗುವ ದೊಡ್ಡ ಮಕ್ಕಳಿಗೆ, ಸುಮ್ನೆ ಯಾಕೆ ಸುಳ್ಳು, ನನಗೂ ಬಿಲಿಬಿನ್ನೇ ಇಷ್ಟ. ಆದರೆ ಚಿಕ್ಕ ಅಳತೆಯ ಮುದ್ರಣ ಬೇಡ, ಅಂಚಿನ ಕೆಲಸವೆಲ್ಲ ಕಲಸಿಹೋಗುತ್ತೆ.

ಇನ್ನು ಅನುವಾದ. ಮೂಲ ಪದ್ಯ. ‘ಸಾಲ್ತಾನ್’ ಕಥೆಯಲ್ಲಿ ರಾಜಕುಮಾರ ಸೊಳ್ಳೆಯಾಗಿ, ನೊಣವಾಗಿ ಹಾರಿಹೋಗುವ ಭಾಗ ಗಟ್ಟಿಯಾಗಿ ಓದಿದರೇನೇ ಮಜಾ. ಪದ್ಯಾನುವಾದ ಎಡವುತ್ತಿದ್ದರೆ ಗದ್ಯವೇ ವಾಸಿ. ಕೊಳ್ಳುವ ಮುಂಚೆ ಒಂದು ಪುಟ ಓದಿ ನೋಡಿ.